ಇಳಿವಯಸ್ಸಿನ ಹಾಯಿದೋಣಿಗಾರರು: ಸುರಕ್ಷತೆ ಮತ್ತು ಸ್ವಾವಲಂಬನೆ

ಬ್ರಿಟನ್ನಿನ ದಕ್ಷಿಣ ಕರಾವಳಿಗೂ ಅದರ ಎದುರಿನ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವೆ ಇರುವ ಸೋಲೆಂಟ್ ಎಂಬ ಕಿರಿದಾದ ಜಲಸಂಧಿಯು ಆ ದೇಶದ ಹವ್ಯಾಸಿ ಹಾಯಿದೋಣಿಗಾರರ ಮುಖ್ಯ ನೆಲೆಗಳಲ್ಲಿ ಒಂದಾಗಿದ್ದು, ಅಲ್ಲಿ ದೋಣಿ ಇಟ್ಟುಕೊಂಡವರಲ್ಲಿ ಉದ್ಯೋಗದಿಂದ ನಿವೃತ್ತರಾದವರು ಬಹಳ ಮಂದಿ ಇದ್ದಾರೆ. ಖಾಸಗಿ ಹಾಯಿದೋಣಿಯನ್ನು ವಿಹಾರಕ್ಕಾಗಿ ಕಡಲಿಗಿಳಿಸಲು ಬ್ರಿಟನ್ನಿನಲ್ಲಿ ಸರ್ಕಾರದ ಪರವಾನಗಿ ಬೇಕಿಲ್ಲ, ವಯಸ್ಸಿನ ಮೇಲ್ಮಿತಿಯೂ ಇಲ್ಲ. ಆದುದರಿಂದ ಎಪ್ಪತ್ತು ದಾಟಿದವರು ದಡ ಬಿಡಬೇಕೇ, ಬಿಟ್ಟರೆ ಎಷ್ಟು ದೂರ ಹೋಗಬೇಕು, ಒಬ್ಬರೇ ಹೋಗಬೇಕೇ ಎಂಬ ತೀರ್ಮಾನಗಳೆಲ್ಲ ಅವರವರ ವಿವೇಚನೆಗೇ ಬಿಟ್ಟವು. ಈ ತೀರ್ಮಾನದ ಕುರಿತು ಮಕ್ಕಳು ಸುರಕ್ಷತೆಯ ಪರವಾಗಿಯೂ ಹಿರಿಯರು ಸ್ವಾತಂತ್ರ್ಯದ ಪರವಾಗಿಯೂ ವಾದಿಸುವುದು ಸಾಮಾನ್ಯವಾದರೂ, ಈ ಎರಡನ್ನೂ ಎದುರಾಳಿಗಳೆಂದು ಭಾವಿಸುವುದೇ ಸರಿಯಲ್ಲ. ಅಲುಗಾಡುವ ದೋಣಿಯ ಮೂತಿಯವರೆಗೆ ತೆವಳಿಕೊಂಡು ಹೋಗುವ ಕೆಲಸವನ್ನು ತಪ್ಪಿಸುವ ಒಂದು ಸಣ್ಣ ಏರ್ಪಾಡು ಬೀಳುವ ಅಪಾಯವನ್ನು ಕಡಿಮೆ ಮಾಡುವುದರ ಜೊತೆಗೆ ಇನ್ನೊಬ್ಬರ ನೆರವಿಲ್ಲದೆ ದೋಣಿ ನಡೆಸುವ ವರ್ಷಗಳನ್ನೂ ಹೆಚ್ಚಿಸುತ್ತದೆ.

ಹಿರಿಯ ನಾವಿಕರ ಪ್ರಸಿದ್ಧ ಯಾನಗಳನ್ನು ಸಾಹಸಗಾಥೆಗಳೆಂದು ಮಾತ್ರ ಓದಿದವರಿಗೆ ಈ ಅಂಶ ಕಾಣದೆ ಹೋಗಬಹುದು. ಫ್ರಾನ್ಸಿಸ್ ಚಿಚೆಸ್ಟರ್ 1967ರಲ್ಲಿ ಏಕಾಂಗಿಯಾಗಿ ಭೂಪ್ರದಕ್ಷಿಣೆ ಮುಗಿಸಿದಾಗ ಅವರಿಗೆ 65 ವರ್ಷ; ಬ್ರಿಟನ್ನಿನ ಜೀನ್ ಸಾಕ್ರಟೀಸ್ 2019ರಲ್ಲಿ ಎಲ್ಲಿಯೂ ನಿಲ್ಲದೆ, ಯಾರ ನೆರವನ್ನೂ ಪಡೆಯದೆ ಒಬ್ಬರೇ ಜಗತ್ತನ್ನು ಸುತ್ತಿ ಬಂದಾಗ ಅವರಿಗೆ 77; ಜಪಾನಿನ ಕೆನಿಚಿ ಹೊರಿಯೆ 2022ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಪೆಸಿಫಿಕ್ ಸಾಗರವನ್ನು ಒಂಟಿಯಾಗಿ ದಾಟಿದಾಗ ಅವರಿಗೆ 83. ಇವರಲ್ಲಿ ಸಾಕ್ರಟೀಸ್ ಅವರ ವೃತ್ತಾಂತದ ಒಂದು ವಿವರ ಸಾಮಾನ್ಯ ವಿಹಾರಿಗಳಿಗೆ ಹೆಚ್ಚು ಪ್ರಯೋಜನಕರ: ದಕ್ಷಿಣ ಸಾಗರದ ಬಿರುಗಾಳಿಗಳನ್ನು ಎದುರಿಸಿದ್ದ ಅವರ ಕತ್ತಿನ ಮೂಳೆಯೂ ಪಕ್ಕೆಲುಬುಗಳೂ ಮುರಿದದ್ದು 2017ರಲ್ಲಿ, ದುರಸ್ತಿಗಾಗಿ ನೆಲದ ಮೇಲೆ ನಿಲ್ಲಿಸಿದ್ದ ದೋಣಿಯ ಏಣಿಯಿಂದ ಬಿದ್ದಾಗ. ಅಪಾಯವೆಂದರೆ ನಡುಗಡಲು ಎಂಬ ಕಲ್ಪನೆಯಿಂದ ಹೊರಬಂದವರಿಗೆ ಮಾತ್ರ ಮುಂದಿನ ಎಚ್ಚರಿಕೆಗಳು ಅರ್ಥಪೂರ್ಣವಾಗುತ್ತವೆ.

ದೇಹದ ಲೆಕ್ಕ

ವಯಸ್ಸಿನೊಂದಿಗೆ ಸ್ನಾಯುಬಲ ಕುಗ್ಗುವುದು ಎಲ್ಲರಿಗೂ ಗೊತ್ತಿರುವ ಸಂಗತಿಯಾದರೂ, ದೋಣಿಯ ಮೇಲೆ ಅದಕ್ಕಿಂತ ಮೊದಲು ತೊಂದರೆ ಕೊಡುವುದು ಸಮತೋಲನ. ಒಳಕಿವಿಯ ಸಮತೋಲನಾಂಗ, ಕಣ್ಣು ಮತ್ತು ಪಾದಗಳ ಸ್ಪರ್ಶಜ್ಞಾನ ಇವು ಮೂರೂ ಕೊಡುವ ಸೂಚನೆಗಳನ್ನು ಮೆದುಳು ಕೂಡಿಸಿ ನೋಡುವ ವೇಗ ಇಳಿಯುವುದರಿಂದ, ಅಲೆಯೊಂದು ಅನಿರೀಕ್ಷಿತವಾಗಿ ಬಡಿದಾಗ ಕೈ ಆಧಾರವನ್ನು ಹುಡುಕುವುದು ಅರೆಕ್ಷಣ ತಡವಾಗುತ್ತದೆ. ಕಣ್ಣಿನ ಪಾಪೆ ಕಿರಿದಾಗಿ ಮಸೂರ ಮಸುಕಾಗುವುದರಿಂದ ಅರವತ್ತರವರ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರವರಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗದಷ್ಟೇ ಇರುತ್ತದೆ. ನಕಾಶೆಯ ಮೇಲೆ ಬೆಳಕು ಚೆಲ್ಲಿ ನೋಡಿ ಮತ್ತೆ ಕತ್ತಲೆಗೆ ಕಣ್ಣು ಹೊಂದಿಸಿಕೊಳ್ಳಲು ಹೆಚ್ಚು ಸಮಯ ಬೇಕಾಗುತ್ತದೆ. ಬಾಯಾರಿಕೆಯ ಅರಿವೂ ಮಂದವಾಗುವುದರಿಂದ, ಗಾಳಿಗೂ ಬಿಸಿಲಿಗೂ ಒಡ್ಡಿಕೊಂಡ ದೇಹದಲ್ಲಿ ನೀರು ಕಡಿಮೆಯಾದದ್ದು ತಲೆ ಸುತ್ತುವವರೆಗೆ ತಿಳಿಯದಿರಬಹುದು. ಬಾಯಾರಿದಾಗ ಕುಡಿಯುವ ಬದಲು ಗಡಿಯಾರ ನೋಡಿ ಕುಡಿಯುವ ಅಭ್ಯಾಸ ಇಲ್ಲಿ ಮೇಲು.

ಔಷಧಿಗಳ ವಿಷಯವನ್ನು ಹೆಚ್ಚಿನ ಕೈಪಿಡಿಗಳು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ, ಅದು ಸಾಲದು. ಹೃದಯದ ಲಯ ತಪ್ಪಿದ್ದಕ್ಕಾಗಿಯೋ ರಕ್ತನಾಳಗಳ ತೊಂದರೆಗಾಗಿಯೋ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರ ತಲೆಗೆ ಬೂಮ್, ಅಂದರೆ ದೊಡ್ಡ ಹಾಯಿಯ ಕೆಳಅಂಚನ್ನು ಹಿಡಿದಿರುವ ಅಡ್ಡದಂಡ, ಬಡಿದಾಗ ಹೊರಗೆ ಸಣ್ಣ ಊತವಷ್ಟೇ ಕಂಡರೂ ತಲೆಬುರುಡೆಯ ಒಳಗೆ ರಕ್ತಸ್ರಾವ ಆರಂಭವಾಗಿ ಗಂಟೆಗಳ ನಂತರ ಲಕ್ಷಣಗಳು ಕಾಣಿಸಿಕೊಳ್ಳಬಹುದು; ಅಂಥವರು ಯಾವುದೇ ತಲೆಪೆಟ್ಟನ್ನು ದಡಕ್ಕೆ ಮರಳಿ ವೈದ್ಯರಿಗೆ ತೋರಿಸಬೇಕಾದ ಗಾಯವೆಂದೇ ಎಣಿಸಬೇಕು. ರಕ್ತದೊತ್ತಡದ ಮಾತ್ರೆಗಳು ಕುಳಿತಲ್ಲಿಂದ ತಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರಿಸಬಲ್ಲವು, ಮೂತ್ರವರ್ಧಕಗಳು ನೀರಿನ ಕೊರತೆಯನ್ನು ಹೆಚ್ಚಿಸಬಲ್ಲವು. ಕಡಲಬೇನೆಗೆಂದು ಕಿವಿಯ ಹಿಂದೆ ಅಂಟಿಸುವ ಹಯೋಸಿನ್ ಪಟ್ಟಿಯು ವೃದ್ಧರಲ್ಲಿ ಗೊಂದಲವನ್ನೂ, ಪ್ರಾಸ್ಟೇಟ್ ಗ್ರಂಥಿ ಹಿಗ್ಗಿದ ಗಂಡಸರಲ್ಲಿ ಮೂತ್ರ ಕಟ್ಟುವುದನ್ನೂ ಉಂಟುಮಾಡಬಹುದು. ಕೆಲವು ಬಗೆಯ ಗ್ಲಾಕೋಮಾ ಇರುವವರಿಗೆ ಅದು ಸಲ್ಲದು. ಬ್ರಿಟನ್ನಿನಲ್ಲಿ ವೈದ್ಯರ ಚೀಟಿಯಿಲ್ಲದೆಯೂ ಸಿಗುವ ಸಿನ್ನರಿಜಿನ್ ಮಾತ್ರೆ ಪಾರ್ಕಿನ್ಸನ್ ರೋಗವನ್ನು ಉಲ್ಬಣಗೊಳಿಸಬಲ್ಲದು. ದೋಣಿಯ ಹವ್ಯಾಸವನ್ನು ವೈದ್ಯರ ಮುಂದೆ ಮುಚ್ಚಿಡದೆ, ಈ ಔಷಧಿಗಳನ್ನು ಮೊದಲು ಮನೆಯಲ್ಲಿಯೇ ಒಂದು ದಿನ ಪರೀಕ್ಷಿಸಿ ನೋಡುವುದು ಒಳಿತು.

ದೋಣಿಯನ್ನು ದೇಹಕ್ಕೆ ಒಗ್ಗಿಸುವುದು

ಇಲ್ಲಿ ಬ್ರಿಟಿಷ್ ನೌಕಾಪಡೆಯ ಮರೀನ್ ಅಧಿಕಾರಿಯಾಗಿದ್ದ ಬ್ಲಾಂಡಿ ಹ್ಯಾಸ್ಲರ್ ಅವರ ಚಿಂತನೆ ಇಂದಿಗೂ ಮಾರ್ಗದರ್ಶಿಯಾಗಿದೆ. 1960ರಲ್ಲಿ ನಡೆದ ಮೊದಲ ಏಕಾಂಗಿ ಅಟ್ಲಾಂಟಿಕ್ ಸ್ಪರ್ಧೆಯಲ್ಲಿ ಚಿಚೆಸ್ಟರ್ ಮೊದಲಿಗರಾಗಿಯೂ ಹ್ಯಾಸ್ಲರ್ ಎರಡನೆಯವರಾಗಿಯೂ ದಾಟಿದರು. ಹ್ಯಾಸ್ಲರ್ ಅವರ ಜೆಸ್ಟರ್ ಎಂಬ 25 ಅಡಿಯ ದೋಣಿಗೆ ಚೀನೀ ಜಂಕ್ ನೌಕೆಗಳ ಮಾದರಿಯ ಒಂದೇ ಹಾಯಿಯಿತ್ತು, ಅದನ್ನು ಏರಿಸುವ, ಇಳಿಸುವ, ಮಡಿಸುವ ಹಗ್ಗಗಳೆಲ್ಲವೂ ದೋಣಿಯ ನಡುವಿನ ದುಂಡನೆಯ ಕಿಂಡಿಗೆ ಬಂದು ಸೇರುತ್ತಿದ್ದುದರಿಂದ ನಾವಿಕನು ಆ ಕಿಂಡಿಯಲ್ಲಿ ನಿಂತೇ ಎಲ್ಲವನ್ನೂ ನಿರ್ವಹಿಸಬಹುದಾಗಿತ್ತು. ಗಾಳಿಯ ದಿಕ್ಕನ್ನು ಹಿಡಿದು ಚುಕ್ಕಾಣಿಯನ್ನು ತಾನೇ ಸರಿಪಡಿಸುವ ಗಾಳಿಹಲಗೆಯನ್ನು ಬಳಕೆಗೆ ತಂದವರಲ್ಲಿಯೂ ಹ್ಯಾಸ್ಲರ್ ಪ್ರಮುಖರು. ಮನುಷ್ಯ ಹಾಯಿಯ ಬಳಿಗೆ ಹೋಗುವುದಲ್ಲ, ಹಾಯಿಯ ಹಗ್ಗ ಮನುಷ್ಯನ ಕೈಗೆ ಬರಬೇಕು ಎಂಬ ಈ ನಿಯಮವನ್ನು ಜಂಕ್ ಹಾಯಿಯಿಲ್ಲದ ಸಾಮಾನ್ಯ ದೋಣಿಗಳಿಗೂ ಅನ್ವಯಿಸಬಹುದು. ಮುಂದಿನ ಹಾಯಿಯನ್ನು ಅದರ ಅಂಚಿನ ತಂತಿಯ ಸುತ್ತಲೇ ಸುರುಳಿ ಸುತ್ತುವ ರೋಲರ್ ವ್ಯವಸ್ಥೆ, ದೊಡ್ಡ ಹಾಯಿ ಇಳಿಯುವಾಗ ಅತ್ತಿತ್ತ ಚೆಲ್ಲದಂತೆ ಬೂಮಿನ ಮೇಲೆಯೇ ಕೂರಿಸುವ ಪಕ್ಕದ ಹಗ್ಗಗಳು, ಕೂವೆಕಂಬದ ಬುಡದಿಂದ ಚುಕ್ಕಾಣಿಯ ಗುಣಿಯವರೆಗೆ ಹಾಯಿಸಿದ ಹುರಿಗಳು, ಎಳೆದ ಹಗ್ಗವನ್ನು ತಾನೇ ಕಚ್ಚಿ ಹಿಡಿಯುವ ವಿಂಚ್ ಎಂಬ ಉರುಳೆ, ಲಂಗರು ಎತ್ತುವ ವಿದ್ಯುತ್ ಯಂತ್ರ ಇವೆಲ್ಲ ಆ ನಿಯಮದ ವಿಸ್ತರಣೆಗಳೇ.

ವಿದ್ಯುತ್ ವಿಂಚ್ ಕುರಿತು ಮಾತ್ರ ಒಂದು ಅನುಮಾನವನ್ನು ಉಳಿಸಿಕೊಳ್ಳಬೇಕು. ಕೈಯಿಂದ ತಿರುಗಿಸುವ ವಿಂಚ್ ಎಲ್ಲಿಯಾದರೂ ಹಗ್ಗ ಸಿಕ್ಕಿಕೊಂಡರೆ ತೋಳಿಗೆ ತಿಳಿಸುತ್ತದೆ. ಗುಂಡಿ ಒತ್ತಿದರೆ ತಿರುಗುವ ಯಂತ್ರಕ್ಕೆ ಹಾಯಿ ಹರಿಯುತ್ತಿರುವುದೂ ಬೆರಳು ಸಿಕ್ಕಿರುವುದೂ ಗೊತ್ತಾಗುವುದಿಲ್ಲ. ಅದಕ್ಕಿಂತ ಮೊದಲು ಹಣ ಹಾಕಬೇಕಾದದ್ದು ಹಿಡಿಕಂಬಿಗಳಿಗೆ: ಕೋಣೆಗೆ ಇಳಿಯುವ ಮೆಟ್ಟಿಲಿನ ಎರಡೂ ಪಕ್ಕ, ಅಡಿಗೆಯ ಒಲೆಯ ಮುಂದೆ, ಕೂವೆಕಂಬದ ಅಕ್ಕಪಕ್ಕ ಸೊಂಟದ ಎತ್ತರಕ್ಕೆ ಕಂಬಿಗಳಿದ್ದರೆ, ಒಂದು ಹಿಡಿತ ಬಿಡುವ ಮುನ್ನ ಇನ್ನೊಂದು ಕೈಗೆ ಸಿಗುತ್ತದೆ.

ಗಾಳಿಯ ವೇಗ ಇಮ್ಮಡಿಯಾದರೆ ಅದು ಹಾಯಿಯ ಮೇಲೆ ಹೇರುವ ಬಲ ನಾಲ್ಕು ಪಟ್ಟಾಗುತ್ತದೆ ಎಂಬ ಭೌತಶಾಸ್ತ್ರದ ನಿಯಮವನ್ನು ಹಿರಿಯರು ಸದಾ ನೆನಪಿನಲ್ಲಿಡಬೇಕು. ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್ ವೇಗವನ್ನು ಒಂದು ನಾಟ್ ಎನ್ನಲಾಗುತ್ತದೆ. ಹತ್ತು ನಾಟ್ ಗಾಳಿಯಲ್ಲಿ ಒಂದು ಕೈಯಲ್ಲಿ ಎಳೆಯಬಹುದಾದ ಹಗ್ಗ ಇಪ್ಪತ್ತು ನಾಟ್ ಗಾಳಿಯಲ್ಲಿ ವಶಕ್ಕೆ ಬಾರದಿರುವುದು ಈ ಕಾರಣದಿಂದ. ಹಾಯಿಯ ಒಂದು ಪಾಲನ್ನು ಮಡಿಸಿ ಕಟ್ಟುವ ಕ್ರಿಯೆಗೆ ರೀಫಿಂಗ್ ಎಂದು ಹೆಸರು; ಅದನ್ನು ಗಾಳಿ ಹೆಚ್ಚಿದ ಮೇಲೆ ಮಾಡುವುದಕ್ಕೆ ಬಲ ಬೇಕು, ಹೆಚ್ಚುವ ಮೊದಲು ಮಾಡುವುದಕ್ಕೆ ಹವಾಮಾನ ಮುನ್ಸೂಚನೆ ಕೇಳುವ ತಾಳ್ಮೆ ಸಾಕು. ಇದೇ ಕಾರಣಕ್ಕೆ ನಿವೃತ್ತಿಯ ಹಣ ಕೈಗೆ ಬಂದೊಡನೆ ನಲವತ್ತು ಅಡಿಯ ದೋಣಿ ಕೊಳ್ಳುವ ಪರಿಪಾಠ ಪ್ರಶ್ನಾರ್ಹವಾಗಿದೆ. ದೊಡ್ಡ ದೋಣಿ ಅಲೆಗಳಲ್ಲಿ ಕಡಿಮೆ ಹೊಯ್ದಾಡುತ್ತದೆ ಎಂಬುದು ನಿಜವಾದರೂ ಅದರ ಹಾಯಿ, ಲಂಗರು, ಸರಪಳಿ ಎಲ್ಲದರ ಭಾರವೂ ಹೆಚ್ಚಿ, ಯಂತ್ರ ಕೈಕೊಟ್ಟ ದಿನ ಅದು ಒಬ್ಬರ ಶಕ್ತಿಗೆ ಮೀರಿದ್ದಾಗಿರುತ್ತದೆ; ಬಹುಪಾಲು ವೃದ್ಧ ದಂಪತಿಗಳಿಗೆ ಇಪ್ಪತ್ತಾರರಿಂದ ಮೂವತ್ತೆರಡು ಅಡಿಯ ದೋಣಿಯೇ ಹಿತವಾದ ಅಳತೆ.

ಕಟ್ಟೆಯ ಬಳಿಯ ಅಪಾಯ

ದೋಣಿಗೂ ಕಟ್ಟೆಗೂ ನಡುವಿನ ಎರಡಡಿ ನೀರು ಬಲು ಮೋಸದ್ದು. ನಿಲುಗಡೆಗೆ ಬರುವಾಗ ಮೂತಿಯಿಂದ ಹಗ್ಗ ಹಿಡಿದು ತೇಲುಕಟ್ಟೆಗೆ ಹಾರುವುದು ಯುವಕರಿಗೂ ಸಲ್ಲದ ರೂಢಿ. ಇದರ ಬದಲು ದೋಣಿಯ ನಡುಭಾಗದ ಗೂಟಕ್ಕೆ ಒಂದು ಹಗ್ಗ ಕಟ್ಟಿ, ಚುಕ್ಕಾಣಿಯ ಬಳಿಯಿಂದಲೇ ಅದರ ಕುಣಿಕೆಯನ್ನು ಕಟ್ಟೆಯ ಗೂಟಕ್ಕೆ ಎಸೆದು ಸಿಕ್ಕಿಸಿ, ಎಂಜಿನ್ನನ್ನು ನಿಧಾನ ಮುನ್ನಡೆಯಲ್ಲಿಟ್ಟು ಚುಕ್ಕಾಣಿಯನ್ನು ಕಟ್ಟೆಯ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ದೋಣಿ ತಾನಾಗಿ ಪಕ್ಕಕ್ಕೆ ಒರಗಿ ನಿಲ್ಲುತ್ತದೆ. ಆನಂತರ ಉಳಿದ ಹಗ್ಗಗಳನ್ನು ಅವಸರವಿಲ್ಲದೆ ಕಟ್ಟಬಹುದು. ಲಂಗರು ಹಾಕಿದ ದೋಣಿಯಿಂದ ದಡಕ್ಕೆ ಹೋಗುವ ಪುಟ್ಟ ರಬ್ಬರ್ ದೋಣಿಯ ಪ್ರಯಾಣದಲ್ಲಿ, ಅದರಲ್ಲೂ ರಾತ್ರಿ ಊಟ ಮುಗಿಸಿ ಎರಡು ಲೋಟ ಮದ್ಯದ ನಂತರ ಮರಳುವಾಗ, ಲೈಫ್ ಜಾಕೆಟ್ ತೊಡದಿರುವುದು ಇಡೀ ಯಾನದ ಅತ್ಯಂತ ಅವಿವೇಕದ ನಡೆ.

ನೀರಿಗೆ ಬಿದ್ದರೆ

ಇಂಗ್ಲಿಷ್ ಕಡಲ್ಗಾಲುವೆಯ ನೀರು ಚಳಿಗಾಲದ ಕೊನೆಗೆ ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದು, ವಸಂತದಲ್ಲಿ ಬಿಸಿಲು ಏರಿದರೂ ನೀರು ನಿಧಾನವಾಗಿ ಬಿಸಿಯಾಗುವುದರಿಂದ ಋತುವಿನ ಆರಂಭದ ವಿಹಾರಗಳು ಹೆಚ್ಚು ಅಪಾಯಕಾರಿ. ಸುಮಾರು 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಏಕಾಏಕಿ ಬಿದ್ದ ದೇಹ ತಡೆಯಲಾಗದೆ ಏದುಸಿರು ಬಿಡುತ್ತದೆ, ಹೃದಯ ಬಡಿತವೂ ರಕ್ತದೊತ್ತಡವೂ ಒಮ್ಮೆಲೇ ಏರುತ್ತವೆ. ಶೀತಾಘಾತ ಎನ್ನಬಹುದಾದ ಈ ಪ್ರತಿಕ್ರಿಯೆ ಒಂದೆರಡು ನಿಮಿಷಗಳಲ್ಲಿ ತಗ್ಗುವುದಾದರೂ, ಮೊದಲ ಉಸಿರಿನಲ್ಲೇ ನೀರು ಶ್ವಾಸಕೋಶಕ್ಕೆ ಸೇರಬಹುದು, ಹೃದ್ರೋಗ ಇರುವವರ ಹೃದಯ ಆ ಹೊರೆಯನ್ನು ತಾಳದಿರಬಹುದು. ಕಡಲ ರಕ್ಷಣೆಯಲ್ಲಿ ತೊಡಗಿರುವ ಬ್ರಿಟನ್ನಿನ ಸ್ವಯಂಸೇವಾ ಸಂಸ್ಥೆ ಆರ್‌ಎನ್‌ಎಲ್‌ಐ ಈಜಲು ಹೋಗದೆ, ತಲೆಯನ್ನು ಹಿಂದಕ್ಕೆ ಚಾಚಿ ಕಿವಿಗಳು ಮುಳುಗುವಂತೆ ಒರಗಿ, ಉಸಿರು ಹತೋಟಿಗೆ ಬರುವವರೆಗೆ ತೇಲುತ್ತಿರಬೇಕೆಂದು ಕಲಿಸುವುದು ಈ ಕಾರಣಕ್ಕಾಗಿ. ಆಮೇಲೆ ಕೈಬೆರಳುಗಳು ಹಿಡಿದ ಕೆಲಸ ಮಾಡುವ ಅವಧಿ ಸ್ಥೂಲವಾಗಿ ಹತ್ತು ನಿಮಿಷ. ಸಣಕಲು ದೇಹದ ವೃದ್ಧರಿಗೆ ಅದೂ ಸಿಗದಿರಬಹುದು.

ಈ ಹತ್ತು ನಿಮಿಷದ ಮೇಲೆ ಉಳಿದ ಎಲ್ಲ ಸಲಕರಣೆಗಳ ಆಯ್ಕೆ ನಿಂತಿದೆ. ನೀರು ತಗುಲಿದೊಡನೆ ಅನಿಲದಿಂದ ತಾನೇ ಉಬ್ಬುವ ಲೈಫ್ ಜಾಕೆಟ್ಟುಗಳಲ್ಲಿ ಸಾಮಾನ್ಯ ಬಳಕೆಯದು 150 ನ್ಯೂಟನ್ ತೇಲುಬಲದ್ದು, ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕಿಲೋ ಭಾರವನ್ನು ಎತ್ತಿಹಿಡಿಯುವ ಬಲ. ತೊಡೆಸಂದಿನ ಪಟ್ಟಿ ಕಟ್ಟದಿದ್ದರೆ ಉಬ್ಬಿದ ಜಾಕೆಟ್ ಮೇಲೇರಿ ದೇಹ ಕೆಳಗೆ ಜಾರುತ್ತದೆ. ಮುಖದ ಮೇಲೆ ಎಳೆದುಕೊಳ್ಳುವ ಪಾರದರ್ಶಕ ಮುಸುಕು ಇಲ್ಲದಿದ್ದರೆ ಸಿಡಿಯುವ ಅಲೆಯ ನೀರು ಬಾಯಿ ಮೂಗಿಗೆ ನುಗ್ಗುತ್ತದೆ. ವರ್ಷಕ್ಕೊಮ್ಮೆ ಜಾಕೆಟ್ಟನ್ನು ಬಿಚ್ಚಿ, ಅನಿಲದ ಸಿಲಿಂಡರನ್ನು ಅಡಿಗೆಮನೆಯ ತಕ್ಕಡಿಯಲ್ಲಿಟ್ಟು ಅದರ ಮೇಲೆ ಅಚ್ಚಾದ ತೂಕಕ್ಕೆ ಹೋಲಿಸಿ, ತುಕ್ಕು ಹಿಡಿದಿದೆಯೇ ಎಂದು ನೋಡಿ, ಬೆರಳಿನಿಂದ ಬಿಗಿಯಾಗಿ ತಿರುಗಿಸಿ ಕೂರಿಸುವುದು ಹತ್ತು ನಿಮಿಷದ ಕೆಲಸ, ಸಡಿಲಗೊಂಡ ಸಿಲಿಂಡರ್ ಜಾಕೆಟ್ಟನ್ನು ಉಬ್ಬಿಸುವುದಿಲ್ಲ.

ಸ್ವಯಂಚಾಲಿತ ಚುಕ್ಕಾಣಿಯ ಮೇಲೆ ಸಾಗುತ್ತಿರುವ ದೋಣಿಗೆ ತನ್ನ ಯಜಮಾನ ಬಿದ್ದದ್ದು ತಿಳಿಯದು. ಐದು ನಾಟ್ ವೇಗದಲ್ಲಿ ಅದು ನಿಮಿಷಕ್ಕೆ ನೂರೈವತ್ತು ಮೀಟರಿನಷ್ಟು ದೂರ ಹೋಗಿಬಿಡುತ್ತದೆ. ಆದುದರಿಂದ ಒಂಟಿಯಾಗಿ ಹೋಗುವವರಿಗೆ ಎದೆಪಟ್ಟಿಯಿಂದ ದೋಣಿಗೆ ಕೊಕ್ಕೆ ಹಾಕಿಕೊಳ್ಳುವ ಸುರಕ್ಷಾ ಹಗ್ಗವೇ ಜೀವಾಧಾರ. ಅದನ್ನು ಅಂಚಿನ ಕಂಬಿಗೆ ಸಿಕ್ಕಿಸದೆ, ದೋಣಿಯ ಮಧ್ಯರೇಖೆಗೆ ಹತ್ತಿರವಾಗಿ ಹಾಸಿದ ಚಪ್ಪಟೆ ಪಟ್ಟಿಗೆ ಸಿಕ್ಕಿಸಬೇಕು. ಎರಡು ಮೀಟರಿನ ಹಗ್ಗ ಮನುಷ್ಯನನ್ನು ಅಂಚಿನಾಚೆಗೆ ಬಿಟ್ಟು ನೀರಿನಲ್ಲಿ ಎಳೆದೊಯ್ಯಬಲ್ಲದಾದ್ದರಿಂದ ಒಂದು ಮೀಟರಿನ ಗಿಡ್ಡ ಹಗ್ಗವೇ ಮೇಲು, ಏಕೆಂದರೆ ಅದರ ಉದ್ದೇಶ ಬಿದ್ದವರನ್ನು ಹಿಡಿಯುವುದಲ್ಲ, ಬೀಳದಂತೆ ತಡೆಯುವುದು. 2017ರಲ್ಲಿ ಜಗತ್ತು ಸುತ್ತುವ ಹವ್ಯಾಸಿಗಳ ಸ್ಪರ್ಧೆಯೊಂದರಲ್ಲಿ ಅರವತ್ತು ವರ್ಷದ ನಾವಿಕರೊಬ್ಬರು ಸಾವಿಗೀಡಾದದ್ದು ಅವರ ಹಗ್ಗದ ಕೊಕ್ಕೆ ದೋಣಿಯ ಗೂಟವೊಂದರ ಅಡಿಗೆ ಸಿಕ್ಕಿ, ಅಡ್ಡವಾಗಿ ಎಳೆತಕ್ಕೊಳಗಾಗಿ ಬಾಗಿ ಬಿಚ್ಚಿಕೊಂಡದ್ದರಿಂದ ಎಂದು ಬ್ರಿಟನ್ನಿನ ಸಾಗರ ಅಪಘಾತ ತನಿಖಾ ವಿಭಾಗ ಕಂಡುಕೊಂಡಿತು. ಹಾಗಾಗಿ ಪಟ್ಟಿಯ ತುದಿಗಳನ್ನು ಕಟ್ಟುವಾಗ ಕೊಕ್ಕೆ ಸಿಕ್ಕಿಕೊಳ್ಳಬಹುದಾದ ಗೂಟಗಳಿಂದ ಅದನ್ನು ದೂರವಿಡಬೇಕು.

ನೀರಿನಿಂದಲೇ ಕೈಚಾಚಿ ಬಿಡಿಸಿ ಇಳಿಸಬಹುದಾದ ಏಣಿ ಹಿಂಭಾಗದಲ್ಲಿ ಇದೆಯೇ ಎಂಬುದು ದೋಣಿ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ. ಎಷ್ಟೋ ದೋಣಿಗಳಲ್ಲಿ ಏಣಿಯನ್ನು ಮೇಲಿನಿಂದ ಮಾತ್ರ ಬಿಡಿಸಲು ಸಾಧ್ಯ. ಅದರ ಕೆಳಮೆಟ್ಟಿಲು ನೀರಿನಲ್ಲಿ ಕನಿಷ್ಠ ಎರಡು ಮೆಟ್ಟಿಲಿನಷ್ಟು ಮುಳುಗಿರದಿದ್ದರೆ ಮಂಡಿ ನೋವಿರುವವರಿಗೆ ಕಾಲಿಡಲೂ ಆಗದು. ಬೆಚ್ಚನೆಯ ಬೇಸಿಗೆಯ ದಿನ, ಲಂಗರು ಹಾಕಿರುವಾಗ, ಪಕ್ಕದಲ್ಲಿ ಇನ್ನೊಬ್ಬರಿರುವಾಗ, ಉಬ್ಬಿದ ಜಾಕೆಟ್ಟನ್ನೂ ಒದ್ದೆ ಬಟ್ಟೆಯನ್ನೂ ತೊಟ್ಟು ಒಮ್ಮೆ ಹತ್ತಿ ನೋಡಿದರೆ ಈ ಪ್ರಶ್ನೆಗೆ ನಿಜವಾದ ಉತ್ತರ ಸಿಗುತ್ತದೆ.

ದಂಪತಿಗಳ ವಿಷಯದಲ್ಲಿ ಇನ್ನೊಂದು ಕಹಿಸತ್ಯವಿದೆ. ಚುಕ್ಕಾಣಿ, ರೇಡಿಯೋ, ಎಂಜಿನ್ ಎಲ್ಲವೂ ಒಬ್ಬರ ಕೈಯಲ್ಲೇ ಇದ್ದು, ಇನ್ನೊಬ್ಬರು ಹಗ್ಗ ಹಿಡಿಯುವುದಕ್ಕೂ ಚಹಾ ಮಾಡುವುದಕ್ಕೂ ಸೀಮಿತವಾಗಿದ್ದರೆ, ಬಲ್ಲವರೇ ನೀರಿಗೆ ಬಿದ್ದ ದಿನ ದೋಣಿಯಲ್ಲಿ ಬಲ್ಲವರು ಯಾರೂ ಉಳಿಯುವುದಿಲ್ಲ. ಎಂಬತ್ತು ಕಿಲೋ ತೂಕದ ದೇಹವನ್ನು ಒದ್ದೆ ಬಟ್ಟೆಯ ಸಮೇತ ಒಂದು ಮೀಟರ್ ಎತ್ತರದ ಅಂಚಿನ ಮೇಲೆ ಬರಿಗೈಯಲ್ಲಿ ಎತ್ತಲು ಅರವತ್ತೈದರ ಸಂಗಾತಿಗೆ ಸಾಧ್ಯವಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ರೂಪುಗೊಂಡ ಲೈಫ್‌ಸ್ಲಿಂಗ್ ಎಂಬ ಸಾಧನ ಇಂಥ ಇಬ್ಬರ ದೋಣಿಗೇ ಹೊಂದುವಂಥದು: ಉದ್ದನೆಯ ಹಗ್ಗದ ತುದಿಯಲ್ಲಿರುವ ತೇಲುವ ಕುಣಿಕೆಯನ್ನು ನೀರಿಗೆಸೆದು, ಬಿದ್ದವರ ಸುತ್ತ ದೋಣಿಯನ್ನು ನಿಧಾನವಾಗಿ ಸುತ್ತಿಸಿದರೆ ಹಗ್ಗ ತಾನಾಗಿ ಅವರ ಕೈಗೆ ಬರುತ್ತದೆ, ಕುಣಿಕೆಯನ್ನು ಕಂಕುಳಿಗೆ ಹಾಕಿಕೊಂಡವರನ್ನು ಪಕ್ಕಕ್ಕೆ ಎಳೆದು, ಕೂವೆಕಂಬದ ಹುರಿಗೆ ರಾಟೆಗಳ ಜೋಡಣೆಯೊಂದನ್ನು ಸೇರಿಸಿ, ವಿಂಚ್ ತಿರುಗಿಸಿ ಎತ್ತಬಹುದು. ಬಹಳ ಹೊತ್ತು ತಣ್ಣೀರಿನಲ್ಲಿದ್ದವರನ್ನು ನೆಟ್ಟಗೆ ಎತ್ತಿದಾಗ ರಕ್ತದೊತ್ತಡ ಕುಸಿದು ಪ್ರಜ್ಞೆ ತಪ್ಪುವ ಅಪಾಯ ಇರುವುದರಿಂದ, ಮಂಡಿಯ ಕೆಳಗೂ ಒಂದು ಪಟ್ಟಿ ಸೇರಿಸಿ ಸಾಧ್ಯವಾದಷ್ಟು ಅಡ್ಡಲಾಗಿ ಎತ್ತುವುದು ವಾಸಿ. ಋತುವಿಗೊಮ್ಮೆಯಾದರೂ ಪಾತ್ರಗಳನ್ನು ಅದಲುಬದಲು ಮಾಡಿ, ಚಹಾ ಮಾಡುತ್ತಿದ್ದವರು ಇಡೀ ದಿನ ದೋಣಿ ನಡೆಸುವ ಪರಿಪಾಠವಿಲ್ಲದಿದ್ದರೆ ಈ ರಾಟೆಗಳು ಪೆಟ್ಟಿಗೆಯಲ್ಲೇ ಉಳಿಯುತ್ತವೆ.

ಕರೆಯುವ ಬಗೆ

ಜೇಬಿನ ಮೊಬೈಲ್ ಫೋನನ್ನು ನೆಚ್ಚುವುದು ತಪ್ಪು. ಒದ್ದೆ ಬೆರಳಿಗೆ ಅದರ ಗಾಜು ಸ್ಪಂದಿಸದು, ದಡದಿಂದ ದೂರವಾದಂತೆ ಸಂಕೇತವೂ ಸಿಗದು. ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಮಾಡುವ ಕರೆಯನ್ನು ತಟರಕ್ಷಕರಲ್ಲದೆ ಸುತ್ತಲಿನ ದೋಣಿಗಳೂ ಕೇಳುತ್ತವೆ, ಅದೇ ರೇಡಿಯೋದ ಮುಚ್ಚಳದಡಿಯ ಕೆಂಪು ಗುಂಡಿಯನ್ನು ಒತ್ತಿಹಿಡಿದರೆ ದೋಣಿಯ ಒಂಬತ್ತು ಅಂಕಿಯ ಗುರುತು ಸಂಖ್ಯೆಯೂ, ಉಪಗ್ರಹ ಸ್ಥಾನಸೂಚಕಕ್ಕೆ ಜೋಡಿಸಿದ್ದರೆ ಅದು ಇರುವ ಸ್ಥಳವೂ ರವಾನೆಯಾಗುತ್ತವೆ. ನೀರಿಗೆ ಬಿದ್ದ ಒಂಟಿ ನಾವಿಕನಿಗೆ ದೋಣಿಯ ರೇಡಿಯೋ ದಕ್ಕದಾದ್ದರಿಂದ, ಜಾಕೆಟ್ಟಿಗೇ ಕಟ್ಟಿಕೊಳ್ಳುವ ವೈಯಕ್ತಿಕ ಸಂಕಟಸೂಚಕ ಬೇಕು. 406 ಮೆಗಾಹರ್ಟ್ಸ್ ತರಂಗದಲ್ಲಿ ಅದು ಕಳಿಸುವ ಸಂಕೇತವನ್ನು ಕೋಸ್ಪಾಸ್-ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ಉಪಗ್ರಹ ವ್ಯವಸ್ಥೆ ಹಿಡಿದು ಆಯಾ ಪ್ರದೇಶದ ಕೇಂದ್ರಗಳಿಗೆ ತಲುಪಿಸುತ್ತದೆ. ಈ ಜಾಲದ ಭಾರತೀಯ ನಿಯಂತ್ರಣ ಕೇಂದ್ರವನ್ನು ಇಸ್ರೋ ಸಂಸ್ಥೆಯು ಬೆಂಗಳೂರಿನಲ್ಲಿ ನಡೆಸುತ್ತಿದ್ದು, ಭಾರತದ ಸುತ್ತಲಿನ ಸಮುದ್ರದಿಂದ ಏಳುವ ಇಂಥ ಕೂಗು ಕಡಲಿಲ್ಲದ ಆ ನಗರವನ್ನು ಹಾದು ರಕ್ಷಕರಿಗೆ ಮುಟ್ಟುತ್ತದೆ. ಸೂಚಕವನ್ನು ಕೊಂಡ ಮೇಲೆ ನೋಂದಾಯಿಸಿ, ದಡದಲ್ಲಿರುವವರ ದೂರವಾಣಿ ಸಂಖ್ಯೆಯನ್ನು ಬದಲಾದಾಗಲೆಲ್ಲ ತಿದ್ದುತ್ತಿದ್ದರೆ, ಅದು ನಿಜವಾದ ಆಪತ್ತೋ ಅಚಾತುರ್ಯವೋ ಎಂಬುದು ಒಂದು ಫೋನ್ ಕರೆಯಲ್ಲಿ ಇತ್ಯರ್ಥವಾಗುತ್ತದೆ. ದಿನಕ್ಕೆ ಹತ್ತು ಬಾರಿ ಕರೆ ಮಾಡಿ ವಿಚಾರಿಸುವ ಮಗಳಿಗಿಂತ, ಹೊರಟ ಸಮಯ, ತಲುಪುವ ಸಮಯ ಮತ್ತು ಎಷ್ಟು ತಡವಾದರೆ ಯಾರಿಗೆ ತಿಳಿಸಬೇಕು ಎಂಬ ಮೂರು ಸಾಲಿನ ಚೀಟಿ ಇಟ್ಟುಕೊಂಡ ಮಗಳು ಹೆಚ್ಚು ಉಪಯೋಗಕ್ಕೆ ಬರುತ್ತಾಳೆ.

ಉಬ್ಬರವಿಳಿತದ ನೆರವು

ಸೋಲೆಂಟಿನ ಪಶ್ಚಿಮ ತುದಿಯ ಹರ್ಸ್ಟ್ ಇಕ್ಕಟ್ಟಿನಲ್ಲಿ ದೊಡ್ಡ ಉಬ್ಬರದ ದಿನಗಳಂದು ನೀರಿನ ಹರಿವು ನಾಲ್ಕು ನಾಟ್ ಮೀರುತ್ತದೆ. ಐದು ನಾಟ್ ವೇಗದ ದೋಣಿ ಆ ಹರಿವಿನ ವಿರುದ್ಧ ನಡೆದರೆ ನೆಲದ ಲೆಕ್ಕದಲ್ಲಿ ಒಂದೇ ನಾಟ್ ಸಾಗುತ್ತದೆ, ಜೊತೆಗೆ ನಡೆದರೆ ಒಂಬತ್ತು. ಗಾಳಿಯೂ ಹರಿವೂ ಎದುರುಬದುರಾದಾಗ ಅಲ್ಲಿ ಏಳುವ ಗಿಡ್ಡ, ಕಡಿದಾದ ಅಲೆಗಳು ಇಡೀ ದಿನದ ಬಲವನ್ನು ಒಂದು ಗಂಟೆಯಲ್ಲಿ ಹೀರಿಬಿಡುತ್ತವೆ. ಹಿರಿಯರಿಗೆ ಯುವಕರಿಗಿಂತ ಹೆಚ್ಚಾಗಿ ಇರುವುದು ಸಮಯ; ಆರು ಗಂಟೆ ಕಾದು ಹರಿವು ತಿರುಗಿದ ಮೇಲೆ ಹೊರಡುವುದಕ್ಕೆ ಅವರಿಗೆ ಸೋಮವಾರದ ಕಚೇರಿ ಅಡ್ಡ ಬರುವುದಿಲ್ಲ. ಖಾಸಗಿ ವಿಹಾರ ದೋಣಿಗಳೂ ಯಾನದ ಯೋಜನೆ ರೂಪಿಸಬೇಕೆಂಬ ನಿಯಮ ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೂಲಕ 2002ರಿಂದ ಜಾರಿಯಲ್ಲಿದೆ, ಆ ಯೋಜನೆಯಲ್ಲಿ ದಾರಿಯಲ್ಲೇ ನುಗ್ಗಬಹುದಾದ ಬಂದರುಗಳನ್ನು ಗುರುತಿಸುವುದೂ ಕತ್ತಲಾಗುವ ಮುನ್ನ ತಲುಪುವಂತೆ ಲೆಕ್ಕ ಹಾಕುವುದೂ ಸೇರಿರಬೇಕು. ಸೌತಾಂಪ್ಟನ್ನಿಗೆ ಬಂದುಹೋಗುವ 150 ಮೀಟರಿಗಿಂತ ಉದ್ದದ ಹಡಗುಗಳ ಮುಂದೆ, ಗೊತ್ತುಪಡಿಸಿದ ಭಾಗದಲ್ಲಿ, ಸಾವಿರ ಮೀಟರಿನವರೆಗೆ ಸಣ್ಣ ದೋಣಿಗಳು ಪ್ರವೇಶಿಸುವಂತಿಲ್ಲ. ಹಡಗಿನ ವೇಗವನ್ನು ಕಣ್ಣಳತೆಯಲ್ಲಿ ಅಂದಾಜಿಸುವುದು ಕಷ್ಟವಾದಾಗ ನಿಂತು ಕಾಯುವುದರಲ್ಲಿ ನಷ್ಟವೇನಿಲ್ಲ.

ಇಷ್ಟೆಲ್ಲ ಆದ ಮೇಲೂ ಸ್ವಂತ ದೋಣಿ ಹೊರೆಯೆನಿಸುವ ವರ್ಷ ಬರುತ್ತದೆ, ಆಗ ಕಡಲೋ ಸೋಫಾವೋ ಎಂದು ಎರಡರಲ್ಲಿ ಒಂದನ್ನು ಆರಿಸಬೇಕಾದ ಅಗತ್ಯವಿಲ್ಲ. ಕಿರಿಯರೊಬ್ಬರನ್ನು ಪಾಲುದಾರರನ್ನಾಗಿ ಸೇರಿಸಿಕೊಂಡು, ನಿಲುಗಡೆಯ ಬಾಡಿಗೆ, ವಿಮೆ, ದುರಸ್ತಿಯ ಖರ್ಚನ್ನು ಬರಹದಲ್ಲಿ ಹಂಚಿಕೊಳ್ಳಬಹುದು. ಎರಡು-ಪಾಯಿಂಟ್-ನಾಲ್ಕು ಎಂದು ಕರೆಯುವ ಒಬ್ಬರ ಪುಟ್ಟ ದೋಣಿಯಲ್ಲಿ ನಾವಿಕನು ಮುಂದಕ್ಕೆ ಮುಖ ಮಾಡಿ ಕಾಲು ಚಾಚಿ ಕುಳಿತು, ಎಲ್ಲ ಹಗ್ಗಗಳನ್ನೂ ಮಡಿಲ ಬಳಿಯೇ ಹಿಡಿದು ನಡೆಸುತ್ತಾನೆ; ಅಡಿಯಲ್ಲಿರುವ ಕೀಲ್ ಎಂಬ ಭಾರವಾದ ರೆಕ್ಕೆ ಅದನ್ನು ಮಗುಚದಂತೆ ಕಾಯುತ್ತದೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಹಾನ್ಸಾ ದೋಣಿಗಳನ್ನು ಒಂದು ದಂಡದಿಂದ ತಿರುಗಿಸಬಹುದು. ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್ ನಡೆಸುವ ಸೇಲಬಿಲಿಟಿ ಯೋಜನೆಯ ಕ್ಲಬ್ಬುಗಳಲ್ಲಿ ಇಂಥ ದೋಣಿಗಳೂ, ನಡೆಯಲಾಗದವರನ್ನು ಕುರ್ಚಿಯಿಂದ ಎತ್ತಿ ದೋಣಿಯೊಳಗೆ ಇಳಿಸುವ ಯಂತ್ರಗಳೂ ಇರುತ್ತವೆ. ಕತ್ತಿನ ಕೆಳಗೆ ಚಲನೆಯಿಲ್ಲದಿದ್ದ ಹಿಲರಿ ಲಿಸ್ಟರ್ ಬಾಯಲ್ಲಿ ಹಿಡಿದ ಕೊಳವೆಗಳಿಗೆ ಊದುತ್ತಲೂ ಹೀರುತ್ತಲೂ ಹಾಯಿ ಮತ್ತು ಚುಕ್ಕಾಣಿಯನ್ನು ನಿಯಂತ್ರಿಸಿ 2009ರಲ್ಲಿ ಬ್ರಿಟನ್ನನ್ನು ಸುತ್ತಿದ್ದರು. ಈ ಸಣ್ಣ ದೋಣಿಗಳನ್ನು ದೊಡ್ಡದನ್ನು ಮಾರಿದ ಮೇಲೆ ಹುಡುಕಿಕೊಂಡು ಹೋಗುವುದಕ್ಕಿಂತ, ಅದು ಇನ್ನೂ ಕೈಯಲ್ಲಿರುವಾಗಲೇ ಒಂದೆರಡು ಬೇಸಿಗೆ ಬಳಸಿ ನೋಡುವುದು ಲೇಸು. ಆಗ ಯಾವುದನ್ನು ಇಟ್ಟುಕೊಳ್ಳಬೇಕೆಂಬುದನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ನಿರ್ಧರಿಸುವ ಪ್ರಮೇಯ ಬರುವುದಿಲ್ಲ.